ಶುಕ್ರವಾರದ ಪಬ್ಬು, ರಾತ್ರಿಯ ಇನ್ಸುಲಿನ್

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯ್ತು, ಶುಕ್ರವಾರ ಆಫೀಸಿನವರು ಪಬ್ಬಿಗೆ ಕರೀತಾರೆ, ಊಟಕ್ಕೆ ಮುಂಚೆ ನೋವೊರಾಪಿಡ್ (ಬೇಗ ಕೆಲಸ ಮಾಡೋ ಇನ್ಸುಲಿನ್), ರಾತ್ರಿ ಲ್ಯಾಂಟಸ್ (ದಿನವಿಡೀ ನಿಧಾನವಾಗಿ ಕೆಲಸ ಮಾಡೋ ಇನ್ಸುಲಿನ್) ತಗೊಳ್ತೀನಿ, ಕುಡಿಯಬಹುದಾ ಅಂತ ಕೇಳಿದ್ದೀರಿ. ಕುಡಿಯಲೇಬಾರದು ಅಂತೇನಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಒಂದು ಗುಟುಕೂ ಬೇಡ. ನಮ್ಮೂರಲ್ಲಿ ಗ್ಲಾಸಿಗಿಂತ ಮುಂಚೆ ನಂಚಿಕೊಳ್ಳೋದು ಬರುತ್ತೆ. ಇಲ್ಲಿ ಕೆಲಸ ಮುಗಿಸಿ ಹೋದವರು ಒಂಬತ್ತರವರೆಗೂ ಬರೀ ಗ್ಲಾಸು ಹಿಡಿದು ನಿಂತಿರ್ತಾರೆ. ನೀವು ಹೋದ ಕೂಡಲೇ ಊಟ ಹೇಳಿ.

ಊಟವಿಲ್ಲದ ಹೊತ್ತಲ್ಲಿ ರಕ್ತಕ್ಕೆ ಸಕ್ಕರೆ ಬಿಡೋದು ಲಿವರ್. ಮದ್ಯ ಒಳಗೆ ಹೋದರೆ ಅದನ್ನು ಕರಗಿಸೋದರಲ್ಲೇ ಮುಳುಗಿ, ಹೊಸ ಸಕ್ಕರೆ ತಯಾರಿಸೋದು ಕುಂದುತ್ತೆ. ಇನ್ಸುಲಿನ್ ಮಾತ್ರ ತನ್ನ ಪಾಡಿಗೆ ಶುಗರ್ ಇಳಿಸ್ತಾನೇ ಇರುತ್ತೆ. ಮೋಸ ಇರೋದು ಸಮಯದಲ್ಲಿ: ಬಿಯರ್‌ನ ಕಾರ್ಬ್ಸ್‌ನಿಂದ ಮಲಗುವಾಗ ಶುಗರ್ ಮೇಲಿರಬಹುದು, ಬೆಳಗಿನ ಜಾವ ಕುಸಿಯಬಹುದು. 24 ಗಂಟೆಯವರೆಗೂ ಈ ಅಪಾಯ ಇರುತ್ತೆ. ಮಲಗುವಾಗ ಹೆಚ್ಚು ಕಂಡಿತು ಅಂತ ಮತ್ತೆರಡು ಯೂನಿಟ್ ನೋವೊರಾಪಿಡ್ ಚುಚ್ಚಿಕೊಳ್ಳೋದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಲ್ಯಾಂಟಸ್ ಬಿಡಬೇಡಿ, ಡೋಸ್ ಬದಲಿಸೋದಿದ್ದರೆ ಡಯಾಬಿಟಿಸ್ ನರ್ಸ್‌ನ ಮೊದಲೇ ಕೇಳಿಕೊಳ್ಳಿ. ಒಂದು ಬಟ್ಟಲು ಮೊಸರನ್ನ ತಿಂದು, ಮೀಟರ್ ನೋಡಿ, ಮೈಗೆ ಅಂಟಿಸೋ ಶುಗರ್ ಸೆನ್ಸರ್ ಇದ್ದರೆ ಫೋನಿನ ಅಲಾರಂ ಜೋರಾಗಿಟ್ಟು ಮಲಗಿ.

ಇಲ್ಲಿ ಮದ್ಯಕ್ಕೂ ಯೂನಿಟ್ ಅಂತಾರೆ, ಇನ್ಸುಲಿನ್ ಯೂನಿಟ್ ಜೊತೆ ಬೆರೆಸಿಕೊಳ್ಳಬೇಡಿ. 25 ಎಂಎಲ್ ವಿಸ್ಕಿ ಒಂದು ಯೂನಿಟ್. 4% ಬಿಯರ್ ಒಂದು ಪಿಂಟ್ ಅಂದರೆ 568 ಎಂಎಲ್, 2.3 ಯೂನಿಟ್. ವಾರಕ್ಕೆ 14 ಮೀರಬಾರದು, ಅದನ್ನೂ ಒಂದೇ ರಾತ್ರಿ ಮುಗಿಸಬಾರದು.

ಇಲ್ಲಿನ ಮೀಟರ್‌ನಲ್ಲಿ ಶುಗರ್ 4 (mmol/L) ಅಂದರೆ ನಮ್ಮೂರಿನ ಲೆಕ್ಕದಲ್ಲಿ 72 (mg/dL). ಅದಕ್ಕಿಂತ ಇಳಿದರೆ 150ರಿಂದ 200 ಎಂಎಲ್ ಕಿತ್ತಳೆ ಜ್ಯೂಸ್ ಅಥವಾ ನಾಲ್ಕೈದು ಗ್ಲೂಕೋಸ್ ಮಾತ್ರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತೆ. ಮಾರನೇ ದಿನ ಕಾರು ಹತ್ತುವ ಮುಂಚೆಯೂ ನೋಡಿ: 4ಕ್ಕಿಂತ ಕೆಳಗಿದ್ದರೆ ಓಡಿಸಲೇಬೇಡಿ, 5ರೊಳಗಿದ್ದರೆ ಮೊದಲು ಏನಾದರೂ ತಿನ್ನಿ.

ಜೊತೆಯಲ್ಲಿ ಬರುವ ಒಬ್ಬರಿಗಾದರೂ ನಿಮಗೆ ಇನ್ಸುಲಿನ್ ಇದೆ ಅಂತ ಹೇಳಿಡಿ. ಶುಗರ್ ಇಳಿದವರೂ ತೊದಲ್ತಾರೆ, ತೂರಾಡ್ತಾರೆ. ಬಾಯಿಂದ ಬಿಯರ್ ವಾಸನೆ ಬಂದರೆ ಕುಡಿದಿದ್ದಾರೆ ಅಂತ ಮಲಗಿಸಿಬಿಡ್ತಾರೆ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್‌ಗೆ 999ಕ್ಕೆ ಫೋನ್ ಮಾಡಬೇಕು. ಶುಗರ್ ಏರಿಸೋ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಕೊಡಲಿ, ಆದರೆ ಅದು ಕೆಲಸ ಮಾಡೋದು ಲಿವರ್‌ನಲ್ಲಿ ಉಳಿದ ಸಕ್ಕರೆಯಿಂದ. ಕುಡಿದಾಗ ಅದನ್ನೇ ನಂಬಿ ಕೂರುವ ಹಾಗಿಲ್ಲ.