ಮೂರು ನೋಟ್‌ಬುಕ್ ತುಂಬ ಪಾಪ

ಪ್ರಶ್ನೆ: ಅಕ್ಕಾ, ದಯವಿಟ್ಟು ಹೆಸರು ಹಾಕಬೇಡಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ನನಗೆ 37 ವರ್ಷ. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ನಾನು, ಒಂಬತ್ತು ವರ್ಷದ ಮಗಳು. ನಾವು ಕ್ಯಾಥೋಲಿಕರು. ಎರಡು ವರ್ಷದಿಂದ ನನಗೆ ಪಾಪದ ಹೆದರಿಕೆ ವಿಪರೀತವಾಗಿದೆ. ಪೂಜೆಯಲ್ಲಿ ಪಾದ್ರಿಗಳು ಓಸ್ತಿ (ಪ್ರಸಾದದ ರೊಟ್ಟಿ) ಎತ್ತುವ ಹೊತ್ತಿಗೇ ತಲೆಯಲ್ಲಿ ಹೇಸಿಗೆ ಮಾತುಗಳು ಬರುತ್ತವೆ. ಬಾಯಿ ಮುಕ್ಕಳಿಸುವಾಗ ಒಂದು ಹನಿ ನೀರು ಒಳಗೆ ಹೋಗಿ ಉಪವಾಸ ಮುರಿಯಿತೋ ಏನೋ ಅಂತ ಪ್ರಸಾದ ತೆಗೆದುಕೊಳ್ಳದೆ ವಾಪಸ್ ಬಂದಿದ್ದೇನೆ. ಒಮ್ಮೆ ಅಂಗಡಿಯವರು 5 ರೂಪಾಯಿ ಹೆಚ್ಚು ಕೊಟ್ಟಿದ್ದರು. ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಹೋಗಿ ಕೊಟ್ಟು ಬಂದೆ. ಬರುವ ದಾರಿಯಲ್ಲಿ, ನಾನು ದೊಡ್ಡ ಪ್ರಾಮಾಣಿಕಳು ಅಂತ ತೋರಿಸಿಕೊಳ್ಳಲು ಹೋದೆನಾ ಅನ್ನಿಸತೊಡಗಿತು. ಅದನ್ನೂ ಕುಮ್ಸಾರಿನಲ್ಲಿ, ಅಂದರೆ ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳುವಾಗ, ಹೇಳಿದೆ. ಮರೆಯಬಾರದು ಅಂತ ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಡುತ್ತೇನೆ. ಈಗ ಮೂರನೆಯದು ನಡೆಯುತ್ತಿದೆ. ವಾರಕ್ಕೆ ಮೂರು ಸಲ ಕುಮ್ಸಾರಿಗೆ ಹೋಗುತ್ತಿದ್ದೆ. ನಮ್ಮ ಚರ್ಚಿಗೆ ಹೊಸದಾಗಿ ಬಂದ ವಿಗಾರರು (ಮುಖ್ಯ ಪಾದ್ರಿಗಳು), ತಿಂಗಳಿಗೆ ಒಮ್ಮೆ ಬಂದರೆ ಸಾಕು, ಹಳೆಯದನ್ನು ಹೇಳಬೇಡಿ, ಬರೆದುಕೊಂಡು ಬರಲೇಬೇಡಿ ಅಂದಿದ್ದಾರೆ. ನನ್ನ ಪಾಪ ಎಷ್ಟು ಅಂತ ಅವರಿಗೆ ಗೊತ್ತಿಲ್ಲ. ಮಗಳು ಪ್ರಥಮ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದಾಳೆ. ಮೊನ್ನೆ ನೋಡಿದರೆ ಅವಳೂ ಒಂದು ನೋಟ್‌ಬುಕ್ ಶುರು ಮಾಡಿದ್ದಾಳೆ. ಈ ಹೆದರಿಕೆ ಬಿಟ್ಟರೆ ನನ್ನ ವಿಶ್ವಾಸವೂ ಹೋಗಿಬಿಡುತ್ತದಾ? ಕೆಳಗೆ ಮೂರು ವಿಷಯ ಬರೆದಿದ್ದೇನೆ. ಅವು ಪಾಪವಾ ಅಲ್ಲವಾ, ನೀವಾದರೂ ಹೇಳಿ.

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯಲ್ಲಿ ಬರೆದ ಆ ಮೂರು ವಿಷಯಗಳನ್ನೂ ಓದಿದೆ. ಅವನ್ನು ಇಲ್ಲಿ ಹಾಕಿಲ್ಲ. ಅವು ಪಾಪವಾ ಅಲ್ಲವಾ ಅಂತ ಹೇಳುವುದೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಾನು ಅಲ್ಲ ಅಂದರೆ ಇವತ್ತು ಸಂಜೆಯವರೆಗೆ ನಿಮಗೆ ಸಮಾಧಾನ. ರಾತ್ರಿ ಪಾತ್ರೆ ತೊಳೆಯುವಾಗ, ಅಕ್ಕನಿಗೆ ನಾನು ಸರಿಯಾಗಿ ಬಿಡಿಸಿ ಹೇಳಲಿಲ್ಲವೇನೋ ಅಂತ ಶುರುವಾಗುತ್ತದೆ. ನಾಳೆ ಇನ್ನೊಂದು ಪತ್ರ ಬರುತ್ತದೆ. ವಿಗಾರರ ಹತ್ತಿರ ಆಗಿದ್ದೂ ಇದೇ ಅಲ್ವಾ? ಎಷ್ಟೋ ಸಲ ಕ್ಷಮೆ ಸಿಕ್ಕಿದೆ. ಒಂದಾದರೂ ಮನೆಯ ಗೇಟಿನವರೆಗೆ ಉಳಿದಿದೆಯಾ?

ನಾನೂ ಇಗರ್ಜಿಯ ಗಂಟೆ ಕೇಳುತ್ತಲೇ ಬೆಳೆದವಳು. ನಮ್ಮ ಅಜ್ಜಿ ಕ್ರಿಸ್ಮಸ್ಸಿಗೆ ಮೊದಲೊಮ್ಮೆ, ಈಸ್ಟರಿಗೆ ಮೊದಲೊಮ್ಮೆ ಕುಮ್ಸಾರಿಗೆ ಹೋಗುತ್ತಿದ್ದಳು. ಐದು ನಿಮಿಷ ಮಂಡಿಯೂರಿ ಹೇಳಬೇಕಾದ್ದನ್ನು ಹೇಳಿ, ಪಾದ್ರಿಗಳು ಕೊಟ್ಟ ಪ್ರಾರ್ಥನೆಯನ್ನು ಅಲ್ಲೇ ಬೆಂಚಿನಲ್ಲಿ ಕೂತು ಮುಗಿಸುತ್ತಿದ್ದಳು. ಮನೆಗೆ ಬಂದು ಒಳ್ಳೆಯ ಸೀರೆ ಬಿಚ್ಚಿಟ್ಟು, ಹಿಂದಿನ ಜಗಲಿಯಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಅವಳ ಮುಖ ನನಗೆ ಈಗಲೂ ನೆನಪಿದೆ. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿದವರ ಮುಖ ಹೇಗಿರುತ್ತದೋ ಹಾಗೆ. ಹೊರೆ ಇಳಿಸಿದ ಮೇಲೆ ಅದರಲ್ಲಿ ಎಷ್ಟು ಕಟ್ಟು ಇತ್ತು ಅಂತ ಅವಳು ಎಣಿಸಲು ಹೋಗುತ್ತಿರಲಿಲ್ಲ. ಅಜ್ಜಿಯ ವಿಶ್ವಾಸಕ್ಕೆ ಏನಾದರೂ ಕಡಿಮೆ ಇತ್ತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ನಿಮಗೆ ಆಗುತ್ತಿರುವುದಕ್ಕೆ ನಮ್ಮ ಕ್ಯಾಥೋಲಿಕ್ ಸಭೆಯಲ್ಲೇ ಹಳೆಯ ಹೆಸರಿದೆ. ಲ್ಯಾಟಿನ್ನಿನಲ್ಲಿ ಸ್ಕ್ರೂಪುಲುಸ್ ಅಂದರೆ ಚೂಪಾದ ಸಣ್ಣ ಕಲ್ಲು. ನಮ್ಮ ಮುರಕಲ್ಲಿನ ದಾರಿಯಲ್ಲಿ ಚಪ್ಪಲಿಯೊಳಗೆ ಚೂರು ಸೇರಿಕೊಂಡರೆ ಹೇಗೆ? ಕಾಣಲಿಕ್ಕೆ ಎಳ್ಳಿನಷ್ಟು. ಆದರೆ ಹೆಜ್ಜೆ ಇಡಲು ಬಿಡುವುದಿಲ್ಲ. ಪಾಪ ಇಲ್ಲದ ಕಡೆ ಪಾಪ ಕಾಣುವ ಸಂಕಟಕ್ಕೆ ಆ ಹೆಸರು ಬಂತು.

ಈ ಸಂಕಟ ಅನುಭವಿಸಿದವರಲ್ಲಿ ಸಂತರೇ ಇದ್ದಾರೆ. ಜೆಸ್ವಿತ್ ಎಂಬ ಪಾದ್ರಿಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ಕಥೆ ಕೇಳಿ. ಮಂಗಳೂರಿನಲ್ಲಿ 1880ರಲ್ಲಿ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು ಅದೇ ಸಂಘದವರು. 1522ರಲ್ಲಿ ಇಗ್ನೇಷಿಯಸ್ ತಮ್ಮ ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಹೋಗಿ ನಿವೇದನೆ ಮಾಡಿದರು. ಮೂರು ದಿನ ಹಿಡಿಯಿತಂತೆ. ಆಮೇಲೆ ಮಾನ್ರೇಸಾ ಎಂಬ ಊರಿನಲ್ಲಿದ್ದಾಗ, ಏನೋ ಬಿಟ್ಟುಹೋಗಿದೆ ಅಂತ ಶುರುವಾಯಿತು. ಮತ್ತೆ ಮತ್ತೆ ಹೇಳಿದರು. ಬರೆದೂ ನೋಡಿದರು. ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥಿಸಿದರು. ಒಂದು ವಾರ ಅನ್ನ ನೀರು ಬಿಟ್ಟರು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಪಾದ್ರಿಗಳು ಅವರಿಗೆ ಒಂದು ಮಾತು ಹೇಳಿದರು: ಹಳೆಯ ಪಾಪಗಳನ್ನು ಹೇಳಬೇಡ, ತೀರಾ ಸ್ಪಷ್ಟವಾಗಿದ್ದರೆ ಮಾತ್ರ ಹೇಳು. ಅದರಿಂದ ಏನೂ ಉಪಯೋಗವಾಗಲಿಲ್ಲ. ಯಾಕೆ ಹೇಳಿ? ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಕೊನೆಗೆ ಅವರು ಹಳೆಯದನ್ನು ಇನ್ನು ಯಾವತ್ತೂ ಹೇಳುವುದಿಲ್ಲ ಅಂತ ನಿರ್ಧಾರ ಮಾಡಿದರು. ಅದರಲ್ಲಿ ‘ಮಾತ್ರ’ ಇರಲಿಲ್ಲ, ‘ಆದರೆ’ ಇರಲಿಲ್ಲ. ಅಲ್ಲಿಗೆ ಆ ಸಂಕಟ ಬಿಟ್ಟುಹೋಯಿತು.

ನಿಮ್ಮ ವಿಗಾರರು ಹೇಳಿದ್ದೂ ಅದನ್ನೇ. ಹಾಗಾಗಿ ಅವರಿಗೆ ನಿಮ್ಮ ಪಾಪ ಗೊತ್ತಿಲ್ಲ ಅನ್ನಬೇಡಿ. ನಿಮ್ಮ ಸಂಕಟ ಏನೆಂದು ಅವರಿಗೆ ಚೆನ್ನಾಗಿ ಗೊತ್ತಾಗಿದೆ. ಪಾಪ ಕೇಳುವ ಪಾದ್ರಿಗಳಿಗೆ ಪಾಲಕ ಸಂತರಾದ ಅಲ್ಫೋನ್ಸ್ ಲಿಗೋರಿಯವರನ್ನೂ ಇದೇ ಸಂಶಯ ಮುದಿ ವಯಸ್ಸಿನಲ್ಲೂ ಕಾಡಿತ್ತು. ಇಂಥವರು ಒಬ್ಬರೇ ಗುರುಗಳ ಮಾತಿಗೆ ಗಟ್ಟಿಯಾಗಿ ಅಂಟಿಕೊಳ್ಳಬೇಕು ಅನ್ನುವುದು ಸಭೆಯ ಹಳೆಯ ಸಲಹೆ. ಇವರು ಬೇಡ ಅಂದರು ಅಂತ ಬಸ್ಸು ಹತ್ತಿ ಕುಂಬಳೆಗೋ ಕಾಸರಗೋಡಿಗೋ ಹೋಗಿ ಇನ್ನೊಬ್ಬ ಪಾದ್ರಿಗಳ ಮುಂದೆ ಮಂಡಿಯೂರಬೇಡಿ.

ಧರ್ಮದ ವಿಷಯವಾಗಿ ಎರಡು ಮಾತು ಹೇಳುತ್ತೇನೆ. ಒಂದೇ ಸಲ. ಮತ್ತೆ ಕೇಳಿದರೆ ಹೇಳುವುದಿಲ್ಲ. ಸಭೆಯ ಬೋಧನೆಯಲ್ಲಿ ಮಾರಕ ಪಾಪ, ಅಂದರೆ ತೀರಾ ದೊಡ್ಡ ಪಾಪ, ಆಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಅದು ತಪ್ಪು ಅಂತ ಪೂರ್ತಿ ಗೊತ್ತಿರಬೇಕು, ಬೇಕೆಂದೇ ಒಪ್ಪಿ ಮಾಡಿರಬೇಕು. ಮೂರೂ ಸೇರಬೇಕು. ಕರೆಯದೆ ತಲೆಗೆ ನುಗ್ಗುವ ಮಾತಿಗೆ ನಿಮ್ಮ ಒಪ್ಪಿಗೆ ಎಲ್ಲಿದೆ? ಇನ್ನು ನೀರಿನ ವಿಷಯ. ಪ್ರಸಾದಕ್ಕೆ ಮೊದಲು ಒಂದು ಗಂಟೆ ಉಪವಾಸ. ನೀರಿಗೂ ಔಷಧಿಗೂ ಆ ನಿಯಮ ಇಲ್ಲವೇ ಇಲ್ಲ. ಒಂದು ಹನಿ ಬಿಡಿ, ಒಂದು ಚೊಂಬು ಕುಡಿದು ಹೋದರೂ ಅಡ್ಡಿಯಿಲ್ಲ.

ಆದರೆ ನಿಯಮ ತಿಳಿಸಿದ ಮಾತ್ರಕ್ಕೆ ಇದು ಹೋಗುವುದಿಲ್ಲ. ಇದು ಗೀಳು ಕಾಯಿಲೆಯ ಹಾಗೆ ಕಾಣುತ್ತಿದೆ. ಕೈ ತೊಳೆದದ್ದನ್ನೇ ತೊಳೆಯುವವರನ್ನು, ಬೀಗ ಹಾಕಿದೆನಾ ಅಂತ ಹತ್ತು ಸಲ ನೋಡುವವರನ್ನು ನೀವು ಕಂಡಿರಬಹುದು. ಅದೇ ಕಾಯಿಲೆ ಭಕ್ತರಲ್ಲಿ ಪಾಪದ ವೇಷ ಹಾಕುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಈ ಗೀಳು ಕಾಡುತ್ತದೆ. ಮನುಷ್ಯರಿಗೆ ಯಾವುದು ಅತಿ ಪ್ರೀತಿಯದೋ ಇದು ಅದಕ್ಕೇ ಕೈ ಹಾಕುತ್ತದೆ. ಹಸುಗೂಸಿನ ತಾಯಿಗೆ, ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ ಅನ್ನುವ ಯೋಚನೆ ಬರುತ್ತದೆ. ನಿಮಗೆ ಓಸ್ತಿ ಎತ್ತುವಾಗ ಬರುತ್ತದೆ. ಆ ಕ್ಷಣ ನಿಮಗೆ ಅಷ್ಟು ದೊಡ್ಡದು. ಅದಕ್ಕೇ.

ಇದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರ ಹತ್ತಿರ ಹೋಗಿ. ನಿಮ್ಮ ಕಡೆಯವರು ಹೇಗೂ ಆಸ್ಪತ್ರೆಗೆ ಮಂಗಳೂರಿಗೆ ಹೋಗುವುದು ರೂಢಿ. ಅಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಮಾತಾಡಬಹುದು. ಮನಸ್ಸಿನ ಸಂಗತಿಯನ್ನು ತಡವರಿಸುವ ಮಲಯಾಳದಲ್ಲಿ ಹೇಳುವುದು ಕಷ್ಟ, ಅದು ನನಗೆ ಗೊತ್ತು. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರಕಾರದ ಟೆಲಿಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಾಗಿಲ್ಲ. ಇಗ್ನೇಷಿಯಸರಿಗೆ ಬಂದಂಥ ಯೋಚನೆ ನಿಮಗೂ ಬಂದರೆ ಒಂದು ಗಳಿಗೆಯೂ ಕಾಯದೆ ಆ ನಂಬರಿಗೆ ಫೋನ್ ಮಾಡಿ, ಅತ್ತೆಯವರನ್ನೂ ಎಬ್ಬಿಸಿ. ವೈದ್ಯರು ಮಾತ್ರೆ ಕೊಟ್ಟರೆ ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಈ ಗೀಳಿಗೆ ಮಾತ್ರೆಯ ಗುಣ ಕಾಣಲು 8ರಿಂದ 12 ವಾರ ಬೇಕಾಗುತ್ತದೆ. ಅದರ ಜೊತೆ ಒಂದು ಅಭ್ಯಾಸ ಮಾಡಿಸುತ್ತಾರೆ. ಸಂಶಯ ಬರಲಿ, ಅದನ್ನು ಓಡಿಸುವುದಕ್ಕೆ ಏನೂ ಮಾಡದೆ ಇರುವುದು. ಪ್ರಾರ್ಥನೆ ಮೊದಲಿನಿಂದ ಹೇಳುವುದಿಲ್ಲ, ನೋಟ್‌ಬುಕ್‌ನಲ್ಲಿ ಬರೆಯುವುದಿಲ್ಲ, ಗಂಡನಿಗೆ ಫೋನ್ ಮಾಡಿ ಕೇಳುವುದಿಲ್ಲ. ಮೊದಮೊದಲು ಎದೆ ಡವಡವ ಅನ್ನುತ್ತದೆ. ಸುಮ್ನೆ ಬಿಟ್ಟರೆ ತನ್ನಷ್ಟಕ್ಕೆ ಇಳಿಯುತ್ತದೆ. ದುಬೈಯಿಂದ ಅವರು ಫೋನ್ ಮಾಡಿದಾಗ ಈ ಅಂಕಣ ಓದಿ ಹೇಳಿ. ‘ಇದು ಪಾಪವಾ’ ಅಂತ ನೀವು ಕೇಳಿದರೆ ಅವರು ಉತ್ತರ ಕೊಡಬಾರದು. ‘ಊಟ ಆಯ್ತಾ’ ಅಂತ ಕೇಳಲಿ.

ವಿಶ್ವಾಸ ಹೋಗುತ್ತದಾ ಅಂತ ಕೇಳಿದ್ದೀರಿ. ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯ ನಿಮಗೆ ಬಾಯಿಪಾಠ ಇರಬಹುದು. ಅಪ್ಪನಿಂದ ಆಸ್ತಿಯ ಪಾಲು ಪಡೆದು ಹೋಗಿ, ಎಲ್ಲ ಕಳೆದುಕೊಂಡು ಹಂದಿ ಮೇಯಿಸುತ್ತಿದ್ದ ಮಗ ಊರಿಗೆ ಹೊರಡುವ ಮೊದಲು ಅಪ್ಪನಿಗೆ ಏನು ಹೇಳಬೇಕು ಅಂತ ತಯಾರಿ ಮಾಡಿಕೊಳ್ಳುತ್ತಾನೆ. ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಿನ ಹಾಗೆ ಇಟ್ಟುಕೋ. ಈಗ ಅವನು ಮನೆ ಮುಟ್ಟಿದ ಮೇಲೆ ನಿಜವಾಗಿ ಹೇಳಿದ್ದೇನು ಅಂತ ನೋಡಿ. ಕೂಲಿಯಾಳಿನ ಮಾತು ಅಲ್ಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಬಟ್ಟೆ ತನ್ನಿ, ಉಂಗುರ ತನ್ನಿ ಅನ್ನುತ್ತಿದ್ದಾನೆ. ಮಗನ ಪಟ್ಟಿ ಪೂರ್ತಿಯಾಗಲೇ ಇಲ್ಲ. ಅಪ್ಪನಿಗೆ ಅದು ಪೂರ್ತಿಯಾಗುವುದು ಬೇಕಾಗಿಯೂ ಇರಲಿಲ್ಲ. ಉಂಗುರ ತೊಡಿಸಲು ಬಂದ ಅಪ್ಪನಿಗೆ, ಸ್ವಲ್ಪ ನಿಲ್ಲು, ನನ್ನ ಮೂರನೇ ನೋಟ್‌ಬುಕ್ ಇನ್ನೂ ಬಾಕಿಯಿದೆ ಅಂತ ನೀವು ಎರಡು ವರ್ಷದಿಂದ ಹೇಳುತ್ತಿದ್ದೀರಿ. ಬಿಡಬೇಕಾದ್ದು ಆ ನೋಟ್‌ಬುಕ್. ಅಪ್ಪ ಎಲ್ಲಿಗೂ ಹೋಗುವುದಿಲ್ಲ. (ಇದನ್ನು ಓದಿ ‘ದೇವರನ್ನು ಕಾಯಿಸಿದೆ’ ಅಂತ ಹೊಸ ಪಾಪ ಬರೆದುಕೊಳ್ಳಬೇಡಿ, ದಯವಿಟ್ಟು.)

ನಿಜವಾಗಿ ತಪ್ಪು ಮಾಡಿದಾಗ ಎದುರಿಗೆ ಒಬ್ಬರು ಇರುತ್ತಾರೆ. ಅವರ ಹತ್ತಿರ ಹೋಗಬೇಕು, ಕ್ಷಮೆ ಕೇಳಬೇಕು, ಕೊಡಬೇಕಾದ್ದನ್ನು ಕೊಡಬೇಕು. 5 ರೂಪಾಯಿಯ ವಿಷಯದಲ್ಲಿ ನೀವು ಅದನ್ನು ಮಾಡಿದ್ದೀರಿ. ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಆ ಕೆಲಸ ಮುಗಿದಿತ್ತು.

ಇನ್ನು ಮಗಳು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವಳ ನೋಟ್‌ಬುಕ್. ಮಕ್ಕಳು ನಾವು ಹೇಳಿಕೊಟ್ಟದ್ದಕ್ಕಿಂತ ನಾವು ಮಾಡುವುದನ್ನು ಬೇಗ ಕಲಿಯುತ್ತಾರೆ. ಬೈಯಬೇಡಿ, ಕಿತ್ತುಕೊಳ್ಳಬೇಡಿ. ಹತ್ತಿರ ಕೂರಿಸಿಕೊಂಡು ಹೇಳಿ: ಅಮ್ಮನಿಗೆ ಹೆದರಿಕೆಯ ಕಾಯಿಲೆ ಇದೆ, ಅದಕ್ಕೆ ಹೀಗೆಲ್ಲ ಬರೆಯುತ್ತಿದ್ದೆ, ಇನ್ನು ಡಾಕ್ಟರ ಹತ್ತಿರ ಹೋಗುತ್ತೇನೆ. ಇಷ್ಟು ಸಾಕು. ಒಂಬತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಅವಳ ತಯಾರಿಯನ್ನು ಕೆಲವು ದಿನ ಅತ್ತೆಯವರೋ ಧರ್ಮೋಪದೇಶದ ಟೀಚರೋ ನೋಡಿಕೊಳ್ಳಲಿ.

ನಿಮ್ಮ ಮೂರು ನೋಟ್‌ಬುಕ್‌ಗಳನ್ನು ಸುಡಲು ಹೋಗಬೇಡಿ. ಸುಟ್ಟದ್ದು ಸರಿಯಾಯಿತಾ ಅಂತ ನಾಲ್ಕನೆಯದು ಶುರುವಾದೀತು. ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೆ ಕೊಟ್ಟು ಬನ್ನಿ. ನನಗೆ ಮತ್ತೆ ಬರೆಯಿರಿ, ಖಂಡಿತ ಬರೆಯಿರಿ. ಮಗಳ ಪ್ರಥಮ ಪರಮಪ್ರಸಾದದ ದಿನ ಮಳೆ ಬಂತಾ, ಅವಳ ಬಿಳಿ ಅಂಗಿ ಹೊಲಿದವರು ಯಾರು, ಮಧ್ಯಾಹ್ನಕ್ಕೆ ಏನು ಅಡುಗೆ ಮಾಡಿದಿರಿ, ಅದನ್ನೆಲ್ಲ ಓದಲು ನನಗೆ ಆಸೆಯಿದೆ.