ಸ್ಟ್ಯಾಂಡ್ ಮಿಕ್ಸರ್‌ಗೆ ಸಿಕ್ಕಿಸುವ ಗಿರಣಿಯಲ್ಲಿ ಜೋಳ, ರಾಗಿ, ಗೋಧಿ ಬೀಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿ ನೆಲೆಸಿದ್ದೀರಿ, ಅಡುಗೆಮನೆಯಲ್ಲಿ ಸ್ಟ್ಯಾಂಡ್ ಮಿಕ್ಸರ್ (ಹಿಟ್ಟು ನಾದುವ, ಕೆನೆ ಕಡೆಯುವ ಯಂತ್ರ) ಇದೆ. ಅದರ ಮೂತಿಗೆ ಸಿಕ್ಕಿಸುವ ಹಿಟ್ಟಿನ ಗಿರಣಿಯನ್ನು ಕೊಂಡರೆ ಜೋಳ, ರಾಗಿ, ಗೋಧಿ ಮೂರನ್ನೂ ಮನೆಯಲ್ಲೇ ಬೀಸಿಕೊಳ್ಳಬಹುದೇ, ಅಥವಾ ಊರಿನಿಂದ ಚಕ್ಕಿಯನ್ನೇ ತರಿಸಿಕೊಳ್ಳುವುದು ಒಳ್ಳೆಯದೇ?

ಮೂರು ಕಾಳಿಗೂ ಒಂದೇ ಉತ್ತರ ಕೊಡಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ನಿತ್ಯದ ಊಟವಾಗಿದ್ದರೆ ಹಿಂದುಮುಂದು ನೋಡದೆ ಕೊಳ್ಳಿ. ಬರೀ ಚಪಾತಿಗಾಗಿ ಆದರೆ ಬೇಡ. ರಾಗಿ ಬೀಸಬಹುದು, ಆದರೆ ರಾಗಿಯೊಂದಕ್ಕಾಗಿ ಇಷ್ಟು ದುಡ್ಡು ಹಾಕುವುದು ದಂಡ ಎಂದೇ ನನ್ನ ಅಭಿಪ್ರಾಯ.

ನಾನು ವಿಜಯಪುರದ ಕಡೆಯವಳು, ಈಗಿರುವುದು ಟೆಕ್ಸಾಸಿನಲ್ಲಿ. ನಮ್ಮ ಕಡೆ ಜೋಳವನ್ನು ಚೀಲಗಟ್ಟಲೆ ತುಂಬಿಡುತ್ತಾರೆ, ಹಿಟ್ಟನ್ನು ಮಾತ್ರ ಬೇಕಾದಷ್ಟೇ ಗಿರಣಿಗೆ ಹಾಕಿಸುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ ಎಂಬುದು ಅಲ್ಲಿ ರೊಟ್ಟಿ ಬಡಿಯುವ ಎಲ್ಲರಿಗೂ ಗೊತ್ತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಅಂಟಾಗುತ್ತದಲ್ಲ, ರೊಟ್ಟಿಯನ್ನು ಹಿಡಿದಿಡಲು ಅದೊಂದೇ ಆಸರೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಪೊಟ್ಟಣದ ಹಿಟ್ಟು ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕುಳಿತು, ನಮ್ಮ ಕೈಸೇರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಎಷ್ಟು ನಾದಿದರೂ ಅದು ತಟ್ಟುವಾಗ ಅಂಚಿನಲ್ಲಿ ಬಿರಿಯುತ್ತದೆ. ಬೆರಳಿನಿಂದ ಒಂದು ಸೀಳನ್ನು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಬಾಯಿ ಬಿಡುತ್ತದೆ. ಹಂಚಿಗೆ ಹಾಕಲು ಎತ್ತಿದರೆ ಅರ್ಧ ರೊಟ್ಟಿ ಕೈಯಲ್ಲಿ, ಅರ್ಧ ಕಟ್ಟೆಯ ಮೇಲೆ. ಬೆಳಿಗ್ಗೆ ಬೀಸಿದ ಹಿಟ್ಟಾದರೆ ಅದೇ ಕೈ, ಅದೇ ಎಸರು, ರೊಟ್ಟಿ ಮಾತ್ರ ಬಡಿದಷ್ಟೂ ಅಗಲವಾಗುತ್ತಾ ಹೋಗುತ್ತದೆ. ಮೇಲೆ ನೀರು ಸವರಿ ತಿರುವಿ ಹಾಕಿದರೆ ಪೂರಿಯಂತೆ ಉಬ್ಬುತ್ತದೆ. ಈ ಯಂತ್ರಕ್ಕೆ ಕೊಟ್ಟ ಹಣ ವಸೂಲಾಗುವುದು ಅಲ್ಲಿ.

ಸಿಕ್ಕಿಸುವ ಗಿರಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹಲ್ಲು ಕೊರೆದ ಉಕ್ಕಿನ ತಟ್ಟೆಗಳಿರುತ್ತವೆ. ಕಿಚನ್‌ಏಡ್ ಕಂಪನಿ ತನ್ನ ಮಿಕ್ಸರ್‌ಗಳಿಗೆ ಮಾಡುವ ಲೋಹದ ಗಿರಣಿ ಈ ಬಗೆಯದು. ಇನ್ನೊಂದರಲ್ಲಿ ಸೆರಾಮಿಕ್ ಬೆರೆಸಿ ಸುಟ್ಟ ಕೃತಕ ಕಲ್ಲುಗಳಿರುತ್ತವೆ. ಜರ್ಮನಿಯ ಮಾಕ್‌ಮಿಲ್ ಇದಕ್ಕೆ ಹೆಸರುವಾಸಿ. ಉಕ್ಕಿನ ತಟ್ಟೆ ಕಾಳನ್ನು ಕತ್ತರಿಸಿ ಪುಡಿ ಮಾಡುತ್ತದೆ, ಕಲ್ಲು ಉಜ್ಜಿ ಪುಡಿ ಮಾಡುತ್ತದೆ. ನುಚ್ಚು, ರವೆ, ಉಪ್ಪಿಟ್ಟಿಗೆ ಬೇಕಾದ ಗೋಧಿ ತರಿ ಇವುಗಳಿಗೆ ಉಕ್ಕಿನದೇ ಚೆನ್ನ, ತರಿ ಒಂದೇ ಸಮನಾಗಿ ಬರುತ್ತದೆ. ರೊಟ್ಟಿಯ ಹಿಟ್ಟು ಬೇಕಾದರೆ ಅದರಲ್ಲಿ ಮೊದಲು ಒರಟಾಗಿ ಒಡೆದು, ನಂತರ ಬಿಗಿ ಮಾಡಿ ಎರಡನೆಯ ಬಾರಿ ಬೀಸಿ, ಜರಡಿ ಹಿಡಿಯಬೇಕಾಗುತ್ತದೆ. ಕಲ್ಲಿನದು ಒಂದೇ ಬಾರಿಗೆ ನುಣ್ಣಗೆ ಬೀಸುತ್ತದೆ. ಬೆಲೆ ಹೆಚ್ಚು, ಆದರೂ ರೊಟ್ಟಿಗಾಗಿ ಕೊಳ್ಳುವವರಿಗೆ ನಾನು ಹೇಳುವುದು ಕಲ್ಲಿನದನ್ನೇ.

ಎಷ್ಟು ನುಣುಪು ಸಾಕು ಎಂಬುದಕ್ಕೆ ಊರಿನ ಗಿರಣಿಯವರು ಮಾಡುವ ಪರೀಕ್ಷೆಯನ್ನೇ ಮಾಡಿ. ಬೀಳುತ್ತಿರುವ ಹಿಟ್ಟನ್ನು ಒಂದು ಚಿಟಿಕೆ ಹಿಡಿದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಿಕ್ಕಿ. ಮರಳಿನ ಹಾಗೆ ಉರುಳಿದರೆ ಇನ್ನಷ್ಟು ಬಿಗಿ ಮಾಡಬೇಕು. ಚರ್ಮಕ್ಕೆ ಅಂಟಿ ಬೆರಳಿನ ಗೆರೆಗಳಲ್ಲಿ ಕುಳಿತರೆ ಹದ ಬಂದಿದೆ. ಕಲ್ಲಿನ ಗಿರಣಿಯಲ್ಲಿ ಮೋಟಾರು ಓಡುತ್ತಿರುವಾಗಲೇ ಬಿಗಿ ಮಾಡಬೇಕು: ಮೊದಲು ಖಾಲಿ ಓಡಿಸಿ, ಕಲ್ಲಿಗೆ ಕಲ್ಲು ತಾಗಿ ಟಿಕ್ ಟಿಕ್ ಸದ್ದು ಬಂದ ತಕ್ಷಣ ಒಂದಿಷ್ಟು ಸಡಿಲಿಸಿ, ಆಮೇಲೆ ಕಾಳು ಸುರಿಯಿರಿ. ಮೊದಲೇ ಕಾಳು ತುಂಬಿಸಿ ಸ್ವಿಚ್ ಹಾಕಿದರೆ ಕಲ್ಲು ಸಿಕ್ಕಿಕೊಂಡು ಮೋಟಾರು ನರಳುತ್ತದೆ.

ಮೋಟಾರಿನ ಬಗ್ಗೆ ಒಂದು ಮಾತು. ಈ ಮಿಕ್ಸರ್‌ಗಳು ಹಿಟ್ಟು ನಾದಲು, ಕೆನೆ ಕಡೆಯಲು ಮಾಡಿದವು, ದಿನವಿಡೀ ಬೀಸಲು ಅಲ್ಲ. ಕಿಚನ್‌ಏಡ್ ಗಿರಣಿಯ ಕೈಪಿಡಿಯ ಪ್ರಕಾರ ಒಮ್ಮೆಗೆ 10 ಕಪ್ಪಿಗಿಂತ ಹೆಚ್ಚು ಹಿಟ್ಟು ಬೀಸಬಾರದು, ಬೀಸಿದ ಮೇಲೆ ಕನಿಷ್ಠ 45 ನಿಮಿಷ ಮಿಕ್ಸರ್ ತಣಿಯಲು ಬಿಡಬೇಕು. 10 ಕಪ್ ಎಂದರೆ ಸುಮಾರು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ನಾಲ್ಕು ಜನರ ಮನೆಗೆ ಒಂದೆರಡು ದಿನದ ರೊಟ್ಟಿಗೆ ಸಾಕು, ಮನೆಗೆ ನೆಂಟರು ಬಂದಾಗ ಸಾಲದು. ಸದ್ದೂ ಕಡಿಮೆಯೇನಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬೆಳಗಿನ ಜಾವದ ಬೀಸುವ ಕೆಲಸವನ್ನು ಮರೆತುಬಿಡಿ.

ಬೀಸುವ ಮುಂಚೆ ಕಾಳು ಹಸನು ಮಾಡುವುದನ್ನು ಬಿಡಬೇಡಿ. ಊರಿನ ಗಿರಣಿ ಒಂದು ಸಣ್ಣ ಕಲ್ಲನ್ನು ಅರಗಿಸಿಕೊಂಡೀತು, ಈ ಪುಟ್ಟ ಯಂತ್ರಕ್ಕೆ ಅದೇ ಸಾಕು ಪೆಟ್ಟಾಗಲು. ಮೊರ ಇಲ್ಲದವರು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿದರೂ ಆಯಿತು. ಹುಳುವಿನ ಭಯವಿದ್ದರೆ ಕಾಳಿನ ಪೊಟ್ಟಣವನ್ನು ಮೂರ್ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ, ಇಲ್ಲವಾದರೆ ಕಾಳಿನ ಮೇಲೆ ತೇವ ಕೂಡುತ್ತದೆ. ತೇವದ ಕಾಳು ಗಿರಣಿಯೊಳಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಕಿತ್ತು ತೆಗೆಯುವುದು ದೊಡ್ಡ ರಗಳೆ. ನೀರಿನಿಂದ ತೊಳೆಯುವಂತೆಯೂ ಇಲ್ಲ. ಒಣ ಬ್ರಷ್‌ನಿಂದ ಉಜ್ಜಿ, ಒಂದು ಹಿಡಿ ಒಣ ಅಕ್ಕಿಯನ್ನು ಬೀಸಿ ಚೆಲ್ಲಿದರೆ ಹಿಂದಿನ ಹಿಟ್ಟು ಬಹುತೇಕ ಹೋಗುತ್ತದೆ. ಬಹುತೇಕ ಎಂದೆ, ಪೂರ್ತಿ ಅಲ್ಲ. ಮನೆಯಲ್ಲಿ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರಿದ್ದರೆ ಗೋಧಿ ಬೀಸಿದ ಗಿರಣಿಯಲ್ಲಿ ಅವರ ಜೋಳವನ್ನು ಬೀಸಲೇಬೇಡಿ.

ಜೋಳ ಇಲ್ಲಿ ಸಿಗದ ಕಾಳೇನಲ್ಲ. ಕ್ಯಾನ್ಸಸ್ ಮತ್ತು ಟೆಕ್ಸಾಸ್ ಇಡೀ ದೇಶದಲ್ಲೇ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯಗಳು. ನಮ್ಮ ರೈತರು ನೋಡಿದರೆ ಬೆರಗಾಗುವಷ್ಟು ಬೆಳೆ, ಹೆಚ್ಚಿನದು ದನಗಳ ಮೇವಿಗೆ ಮತ್ತು ಎಥನಾಲ್‌ಗೆ ಹೋಗುತ್ತದೆ. ಮೇವಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಬಿತ್ತನೆಯ ಬೀಜವನ್ನಂತೂ ಮುಟ್ಟಲೇಬೇಡಿ, ಅದಕ್ಕೆ ಔಷಧ ಲೇಪಿಸಿರುತ್ತಾರೆ. ಊಟಕ್ಕೆಂದೇ ಮಾರುವ ಬಿಳಿ ಸಾರ್ಘಮ್ (ಜೋಳಕ್ಕೆ ಇಲ್ಲಿನ ಹೆಸರು) ಕೊಳ್ಳಿ, ಅಥವಾ ಭಾರತೀಯ ಅಂಗಡಿಯಲ್ಲಿ ಇಡೀ ಜೋಳ ಕೇಳಿ. ನಮ್ಮ ಕಡೆಯ ಮಾಲದಂಡಿ ಜೋಳದ ರುಚಿ ಇಲ್ಲಿನ ಬಿಳಿ ಜೋಳಕ್ಕಿಲ್ಲ, ರೊಟ್ಟಿ ಮಾತ್ರ ಚೆನ್ನಾಗಿ ಏಳುತ್ತದೆ.

ಸಜ್ಜೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರಲ್ಲಿ ಕೊಬ್ಬಿನ ಅಂಶ ಶೇ 5ರ ಆಸುಪಾಸು, ಹಾಗಾಗಿ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿದು ಕಹಿಯಾಗುತ್ತದೆ. ಪೊಟ್ಟಣದ ಸಜ್ಜೆ ಹಿಟ್ಟಿನಲ್ಲಿ ಕಹಿಯಿಲ್ಲದ್ದು ಇಲ್ಲಿ ನನಗೆ ಸಿಕ್ಕಿದ್ದೇ ಅಪರೂಪ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೆನ್ನುವವರು ಮನೆಯಲ್ಲೇ ಬೀಸಬೇಕು, ಬೇರೆ ದಾರಿಯಿಲ್ಲ.

ರಾಗಿಯ ಕಥೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕೊಬ್ಬು ಶೇ 2ಕ್ಕಿಂತ ಕಡಿಮೆ, ಹಿಟ್ಟು ಸುಲಭಕ್ಕೆ ಕೆಡುವುದಿಲ್ಲ. ಅಂಗಡಿಯ ರಾಗಿ ಹಿಟ್ಟಿಗೂ ಮನೆಯಲ್ಲಿ ಬೀಸಿದ್ದಕ್ಕೂ ಮುದ್ದೆಯಲ್ಲಿ ಅಂಥ ವ್ಯತ್ಯಾಸ ನನಗೆ ಕಂಡಿಲ್ಲ. ಹಳೆ ಮೈಸೂರು ಸೀಮೆಯವರು ಇದನ್ನು ಒಪ್ಪದಿರಬಹುದು, ಅವರೊಂದಿಗೆ ವಾದಕ್ಕಿಳಿಯುವುದಿಲ್ಲ. ಕಾಳು ತೀರಾ ಸಣ್ಣದಾದ್ದರಿಂದ ಸಡಿಲ ಹದದಲ್ಲಿ ಒಡೆಯದೆ ಜಾರಿ ಬೀಳುತ್ತದೆ, ಮೊದಲಿನಿಂದಲೇ ಬಿಗಿ ಮಾಡಿಡಬೇಕು. ಮಗುವಿಗೆ ಮೊಳಕೆ ರಾಗಿಯ ಹಿಟ್ಟು ಬೇಕಾದಾಗ ಮಾತ್ರ ಮನೆಯ ಗಿರಣಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುವಷ್ಟು ಒಣಗಿಸಿ, ಹದವಾಗಿ ಹುರಿದು, ತಣಿದ ಮೇಲೆ ಬೀಸಿ.

ಚಪಾತಿಗೆ ಏಕೆ ಬೇಡ ಎಂದೆನೆಂದರೆ, ಚಕ್ಕಿಯ ದೊಡ್ಡ ಕಲ್ಲುಗಳು ಗೋಧಿಯನ್ನು ಒತ್ತಿ, ಬಿಸಿ ಮಾಡಿ, ಪಿಷ್ಟದ ಕಣಗಳನ್ನೇ ಜಜ್ಜುತ್ತವೆ. ಜಜ್ಜಿದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ, ಅದರಿಂದಲೇ ಚಪಾತಿ ಸಂಜೆಯವರೆಗೂ ಮೆತ್ತಗಿರುತ್ತದೆ. ಮಿಕ್ಸರ್‌ನ ಗಿರಣಿಗೆ ಅಷ್ಟು ಒತ್ತಡವಿಲ್ಲ. ಬ್ರೆಡ್ ಮಾಡುವವರು ಈ ಹಿಟ್ಟನ್ನು ಮೆಚ್ಚುತ್ತಾರೆ, ನಮ್ಮ ಚಪಾತಿ ಮಾತ್ರ ಬೇಗ ಬಿರುಸಾಗುತ್ತದೆ. ಮಾಡಲೇಬೇಕೆಂದರೆ ಕೆಂಪು ಗೋಧಿ ಬಿಟ್ಟು ಹಾರ್ಡ್ ವೈಟ್ ಎಂದು ಮಾರುವ ಗೋಧಿ ತನ್ನಿ, ಒರಟು ತೌಡನ್ನು ಜರಡಿಯಲ್ಲಿ ತೆಗೆಯಿರಿ, ನೀರು ತುಸು ಹೆಚ್ಚಾಗಿ ಹಾಕಿ ಕಲಸಿ, ಒಂದು ಗಂಟೆ ನೆನೆಯಲು ಬಿಡಿ.

ಶೇಂಗಾ, ಎಳ್ಳು, ಅಗಸಿಯನ್ನು ಇದರೊಳಗೆ ಹಾಕಲೇಬಾರದು; ಎಣ್ಣೆ ಬಿಟ್ಟು ಕಟ್ಟಿಕೊಳ್ಳುತ್ತದೆ. ಮೆಣಸಿನಕಾಯಿ ಹಾಕಿದರೆ ವಾರದವರೆಗೆ ರೊಟ್ಟಿಯೂ ಖಾರ.

ಊರಿನಿಂದ ಚಕ್ಕಿ ತರಿಸುವ ಆಸೆಯನ್ನು ಬಿಡುವುದು ಲೇಸು. ಅದರ ಮೋಟಾರು 230 ವೋಲ್ಟ್, 50 ಹರ್ಟ್ಸ್‌ಗೆ ಮಾಡಿದ್ದು, ಇಲ್ಲಿನ ಮನೆಯ ಪ್ಲಗ್‌ಗಳಲ್ಲಿರುವುದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಒಂದು ಅಶ್ವಶಕ್ತಿಯ ಮೋಟಾರು ಶುರುವಾಗುವಾಗ ಎಳೆಯುವ ವಿದ್ಯುತ್ತಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಬೇಕೆಂದರೆ ಅದರ ಭಾರವನ್ನೂ ಬೆಲೆಯನ್ನೂ ಕೇಳಿದ ಮೇಲೆ ನೀವೇ ಸುಮ್ಮನಾಗುತ್ತೀರಿ. ಗೋಧಿಯೇ ಮುಖ್ಯವಾದರೆ ಇಲ್ಲಿನ ವಿದ್ಯುತ್ತಿಗೇ ಮಾಡಿದ ಬಿಡಿ ಗಿರಣಿಗಳಿವೆ, ಅವನ್ನು ನೋಡಿ.

ಕೊಳ್ಳುವ ಮುಂಚೆ ನಿಮ್ಮ ಮಿಕ್ಸರ್‌ನ ತಲೆಯ ಮುಂಭಾಗದ ಮುಚ್ಚಳ ತೆರೆದು ನೋಡಿ. ಒಳಗೆ ಚೌಕಾಕಾರದ ತೂತು, ಪಕ್ಕದಲ್ಲಿ ಬಿಗಿ ಮಾಡುವ ತಿರುಪು ಇದ್ದರೆ ಕಿಚನ್‌ಏಡ್ ಮಾದರಿಯದು, ಹಳೆಯ ಯಂತ್ರವಾದರೂ ಸಾಮಾನ್ಯವಾಗಿ ಹೊಂದುತ್ತದೆ. ಬೇರೆ ಕಂಪನಿಗಳದ್ದಾದರೆ ಮೂತಿಯ ಅಳತೆಯೇ ಬೇರೆ ಇರಬಹುದು, ಕೆಲವಕ್ಕೆ ಮೂತಿಯೇ ಇರುವುದಿಲ್ಲ. ಮಾದರಿಯ ಹೆಸರು ತಿಳಿಸಿದರೆ ಯಾವುದು ಹೊಂದುತ್ತದೆಂದು ನೋಡಿ ಹೇಳುತ್ತೇನೆ.