ಹಾಡಿನ ವಿಡಿಯೋ ಮನೆಯಲ್ಲೇ ಎಡಿಟ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ಸೇರಿ ನಮ್ಮದೇ ಒಂದು ಕನ್ನಡ ಹಾಡನ್ನು ಮಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ್ದೇವೆ. ಬೇಕಲದ ಕಡಲ ಬದಿ, ಪೊಸಡಿಗುಂಪೆ ಮತ್ತು ಮನೆಯ ಅಡಿಕೆ ತೋಟದಲ್ಲಿ ಎರಡು ಮೊಬೈಲಿನಿಂದ ಶೂಟಿಂಗ್ ಮುಗಿಸಿದ್ದೇವೆ. ಲ್ಯಾಪ್‌ಟಾಪ್ ಐ5, 8 ಜಿಬಿ ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ. ದುಬೈಯಲ್ಲಿರುವ ಅಣ್ಣ ಕ್ಯಾಪ್‌ಕಟ್ ಸಾಕು ಎನ್ನುತ್ತಾನೆ. ಮದುವೆ ವಿಡಿಯೋ ಮಾಡುವ ಪರಿಚಯದವರೊಬ್ಬರು ಪ್ರೀಮಿಯರ್ ಪ್ರೋ ಹಾಕಿ, ಕ್ರ್ಯಾಕ್ ಕಾಪಿ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ ಎನ್ನುತ್ತಾರೆ. ನಾವೇನು ಮಾಡುವುದು?
– ಓದುಗರು, ಬದಿಯಡ್ಕ

ಉತ್ತರ: ಎರಡೂ ಬೇಡ. ನಿಮ್ಮ ಲ್ಯಾಪ್‌ಟಾಪಿಗೆ ಕೆಡೆನ್‌ಲೈವ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಓಪನ್ ಸೋರ್ಸ್, ವಿಂಡೋಸಿನಲ್ಲೂ ನಡೆಯುತ್ತದೆ. ವಿಡಿಯೋ ಮೇಲೆ ತನ್ನ ಹೆಸರಿನ ಗುರುತು, ಅಂದರೆ ವಾಟರ್‌ಮಾರ್ಕ್ ಹಾಕುವುದಿಲ್ಲ.

ಅಣ್ಣ ಹೇಳಿದ್ದು ಅವರಿರುವ ಊರಿಗೆ ಸರಿ. ಆದರೆ ಭಾರತದಲ್ಲಿ ಕ್ಯಾಪ್‌ಕಟ್‌ಗೆ ನಿಷೇಧ ಇದೆ. ಎಲ್ಲಿಂದಲೋ ಎಪಿಕೆ (ಆ್ಯಪ್ ಹಾಕುವ ಫೈಲ್) ತಂದು ಹಾಕುವ ಸಾಹಸ ಬೇಡ. ಕ್ರ್ಯಾಕ್ ಕಾಪಿಯಂತೂ ಬೇಡವೇ ಬೇಡ. ಅದರ ಜೊತೆ ವೈರಸ್ ಬಂದರೆ ಶೂಟ್ ಮಾಡಿದ ಫೈಲುಗಳೇ ಹೋದಾವು. ಪ್ರೀಮಿಯರ್ ಒಳ್ಳೆಯದೇ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಅಪರೂಪಕ್ಕೆ ಒಂದು ಹಾಡು ಮಾಡುವವರಿಗೆ ಅದು ಸುಮ್ನೆ ದಂಡ. ಫಿಲ್ಮೋರಾ ಕಲಿಯುವುದು ಸುಲಭ, ಆದರೆ ಹಣ ಕೊಡದಿದ್ದರೆ ವಾಟರ್‌ಮಾರ್ಕ್ ಬೀಳುತ್ತದೆ.

ಹಾಗಾದರೆ ಡಾವಿಂಚಿ ರಿಸಾಲ್ವ್? ಅದರ ಉಚಿತ ಆವೃತ್ತಿಯೇ ಅಲ್ಟ್ರಾ ಎಚ್‌ಡಿ ವಿಡಿಯೋವನ್ನು ಸೆಕೆಂಡಿಗೆ 60 ಫ್ರೇಮ್ ವರೆಗೆ ವಾಟರ್‌ಮಾರ್ಕ್ ಇಲ್ಲದೆ ಕೊಡುತ್ತದೆ. ಎರಡು ಮೊಬೈಲುಗಳ ಬಣ್ಣ ಹೊಂದಿಸಲು ಅದರಷ್ಟು ಒಳ್ಳೆಯದು ಉಚಿತವಾಗಿ ಇನ್ನೊಂದಿಲ್ಲ. ಆದರೆ ಅದಕ್ಕೆ ಕಡಿಮೆಯೆಂದರೂ 16 ಜಿಬಿ ರ್‍ಯಾಮ್ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ನಿಮ್ಮಲ್ಲಿ ಅದು ತೆರೆದುಕೊಂಡರೂ ಪ್ಲೇ ಒತ್ತಿದಾಗ ತಡವರಿಸುತ್ತದೆ. ಖರ್ಚು ಮಾಡುವ ಮನಸ್ಸಿದ್ದರೆ ಸಾಫ್ಟ್‌ವೇರಿಗೆ ಮಾಡಬೇಡಿ, ರ್‍ಯಾಮಿಗೆ ಮಾಡಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಂಗಡಿಗೆ ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ.

ಕೆಡೆನ್‌ಲೈವಿನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗಿಗೆ ಹೋಗಿ ಮೊದಲು ಪ್ರಾಕ್ಸಿ ಆನ್ ಮಾಡಿ. ಪ್ರತಿ ಕ್ಲಿಪ್ಪಿಗೂ ಅದು ಒಂದು ಹಗುರ ಪ್ರತಿ ಮಾಡಿಕೊಳ್ಳುತ್ತದೆ. ನೀವು ಕತ್ತರಿಸುವುದೆಲ್ಲ ಅದರಲ್ಲಿ. ಕೊನೆಗೆ ರೆಂಡರ್ ಕೊಟ್ಟಾಗ, ಅಂದರೆ ಪೂರ್ತಿ ವಿಡಿಯೋ ಫೈಲ್ ತಯಾರಿಸುವಾಗ, ಅಸಲಿ ಕ್ಲಿಪ್ಪುಗಳೇ ಬಳಕೆಯಾಗುತ್ತವೆ. 8 ಜಿಬಿಯಲ್ಲಿ ಕೆಲಸ ಸಾಗುವುದು ಇದರಿಂದಲೇ.

ಇನ್ನು ಹಾಡಿನ ವಿಡಿಯೋದಲ್ಲಿ ನಿಜವಾಗಿ ತಲೆ ತಿನ್ನುವ ವಿಷಯ. ತುಟಿಗೂ ಹಾಡಿಗೂ ತಾಳೆ ಆಗಬೇಕು, ಅಲ್ವಾ? ಮೊಬೈಲಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಒಂದೇ ಸಮ ಇರುವುದಿಲ್ಲ. 30 ಅಂತ ಬರೆದಿದ್ದರೂ ಬೆಳಕು ಕಡಿಮೆಯಾದಲ್ಲಿ ಇಳಿಯುತ್ತದೆ, ಆಮೇಲೆ ಏರುತ್ತದೆ. ನಿಮ್ಮ ಅಡಿಕೆ ತೋಟದ ನೆರಳಿನಲ್ಲಿ ತೆಗೆದ ಕ್ಲಿಪ್ಪುಗಳಲ್ಲಿ ಇದು ಜಾಸ್ತಿ ಇರಬಹುದು. ಮೊದಲ ಸಾಲಿಗೆ ಸರಿ ಕೂತ ತುಟಿ ಚರಣಕ್ಕೆ ಬರುವಾಗ ಜಾರಿರುತ್ತದೆ. ಜನ ಸಾಫ್ಟ್‌ವೇರಿಗೆ ಬೈಯುತ್ತಾರೆ. ಎಡಿಟಿಂಗಿಗೆ ಕೂರುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲ ಕ್ಲಿಪ್ಪುಗಳನ್ನೂ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆರಿಸಿ ಬದಲಾಯಿಸಿಕೊಳ್ಳಿ. ಕ್ವಾಲಿಟಿ ಮಾತ್ರ ಇಳಿಸಬೇಡಿ.

ಶೂಟಿಂಗಿನಲ್ಲಿ ಸ್ಪೀಕರಿನಲ್ಲಿ ಹಾಡು ಹಾಕಿಯೇ ತುಟಿ ಆಡಿಸಿದ್ದೀರಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಮೊಬೈಲಿನಲ್ಲಿ ಆ ಸದ್ದೂ ದಾಖಲಾಗಿರುತ್ತದೆ. ಟೈಮ್‌ಲೈನಿನಲ್ಲಿ ಸ್ಟುಡಿಯೋದ ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆಡಿಯೋ ರೆಫರೆನ್ಸ್’ ಕೊಡಿ. ಆಮೇಲೆ ಕ್ಲಿಪ್ಪಿನ ಆಡಿಯೋ ಆರಿಸಿ ‘ಅಲೈನ್ ಆಡಿಯೋ ಟು ರೆಫರೆನ್ಸ್’ ಒತ್ತಿ. ಅದೇ ಹುಡುಕಿ ಜಾಗಕ್ಕೆ ಕೂರಿಸುತ್ತದೆ. ಆಮೇಲೆ ಮೊಬೈಲಿನ ಸದ್ದನ್ನು ಮ್ಯೂಟ್ ಮಾಡಿಬಿಡಿ.

ಬೇಕಲದ ಕ್ಲಿಪ್ಪುಗಳು ಮಾತ್ರ ಕೈಕೊಡಬಹುದು. ತೆರೆಯ ಸದ್ದಿನಲ್ಲಿ ಸ್ಪೀಕರ್ ಮುಳುಗಿದ್ದರೆ ಸಾಫ್ಟ್‌ವೇರಿಗೆ ಹಾಡೇ ಕೇಳಿಸುವುದಿಲ್ಲ. ಆಗ ಕಣ್ಣಿನಿಂದಲೇ ಕೂರಿಸಬೇಕು. ಪ, ಬ, ಮ ಬರುವ ಪದ ಹುಡುಕಿ. ಈ ಅಕ್ಷರಗಳಿಗೆ ತುಟಿ ಪೂರ್ತಿ ಮುಚ್ಚಲೇಬೇಕು. ತುಟಿ ಮುಚ್ಚಿ ಬಿಚ್ಚುವ ಫ್ರೇಮನ್ನು ಹಾಡಿನಲ್ಲಿ ಆ ಅಕ್ಷರ ಬರುವ ಜಾಗಕ್ಕೆ ತನ್ನಿ. ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸಿ ನೋಡಿ. ಇನ್ನೊಂದು ಪ ಅಥವಾ ಮ ಹತ್ತಿರವೂ ಸರಿ ಇದ್ದರೆ ಆ ಕ್ಲಿಪ್ ಮುಗಿಯಿತು.

ಸ್ಟುಡಿಯೋದವರು ವಾಟ್ಸಾಪಿನಲ್ಲಿ ಕಳಿಸಿದ ಎಂಪಿ3 ಬಳಸಬೇಡಿ. 48 ಕಿಲೋಹರ್ಟ್ಸಿನ ವೇವ್ (WAV) ಫೈಲ್ ಕೇಳಿ ತೆಗೆದುಕೊಳ್ಳಿ. ಎರಡನೇ ಮೊಬೈಲಿನವರಿಗೂ ಹೇಳಿ: ಕ್ಲಿಪ್ಪುಗಳನ್ನು ಕೇಬಲ್ ಹಾಕಿ ಕಾಪಿ ಮಾಡಲಿ. ವಾಟ್ಸಾಪೇ ಗತಿಯಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ವಿಡಿಯೋ ಆಗಿ ಅಲ್ಲ.

ಕೊನೆಗೆ ರೆಂಡರ್ ಮಾಡುವಾಗ ಎಂಪಿ4, ಎಚ್.264, 1080ಪಿ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ) ಯೂಟ್ಯೂಬ್ ಹೇಳುವುದು 8 ಎಂಬಿಪಿಎಸ್. ನೀವು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇಡಿ, ಅವರು ಹೇಗೂ ಮತ್ತೆ ಹಿಂಡುತ್ತಾರೆ.

ಪ್ರಶ್ನೆ: ಹಾಡಿನ ಸಾಲುಗಳನ್ನು ವಿಡಿಯೋ ಮೇಲೆ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತವೆ. ನಾನು ಬಳಸುವುದು ಪ್ರೀಮಿಯರ್.
– ಓದುಗರು, ಮಂಜೇಶ್ವರ

ಉತ್ತರ: ಪ್ರೀಮಿಯರಿನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಎಂಬ ಜಾಗ ನೋಡಿ. ಟೆಕ್ಸ್ಟ್ ಎಂಜಿನನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಮಾಡಿ, ಸಾಲನ್ನು ಹೊಸದಾಗಿ ಟೈಪ್ ಮಾಡಿ. ಸಾಮಾನ್ಯವಾಗಿ ಇಷ್ಟಕ್ಕೇ ಸರಿಹೋಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಸಾಹಿತ್ಯವನ್ನು ತಂದು ಅಂಟಿಸಿದ್ದರೆ ಮಾತ್ರ ಕೆಲಸ ಆಗದು. ಯೂನಿಕೋಡ್ (ಮೊಬೈಲಿನಲ್ಲಿ ಟೈಪ್ ಮಾಡುವಂಥ ಕನ್ನಡ) ಬೇಕು. ಯಾವ ಸಾಫ್ಟ್‌ವೇರ್ ಆದರೂ ಮೊದಲು ‘ಜ್ಯೋತ್ಸ್ನೆ’, ‘ಲಕ್ಷ್ಮಿ’, ‘ಸ್ತ್ರೀ’ ಅಂತ ಬರೆದು ನೋಡಿ. ಈ ಮೂರು ಸರಿ ಬಂದರೆ ಉಳಿದದ್ದು ಬರುತ್ತದೆ.

ಏನೇ ಮಾಡಿದರೂ ಬರದಿದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಸಾಲು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ವಿಡಿಯೋ ಮೇಲೆ ಇಡಿ. ಸ್ವಲ್ಪ ರಗಳೆ, ಆದರೆ ಅಕ್ಷರ ಒಡೆಯುವ ಪ್ರಶ್ನೆಯೇ ಇಲ್ಲ. ಆಕಾಶ, ಕಡಲಿನ ಮೇಲೆ ತೆಳು ಅಕ್ಷರ ಕಾಣುವುದಿಲ್ಲ. ಬಲೂ ತಮ್ಮ 2 ಅಥವಾ ನೋಟೋ ಸಾನ್ಸ್ ಕನ್ನಡದ ದಪ್ಪ ರೂಪ ಆರಿಸಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ. ಲಿಟಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳು ಶಾಲೆಯ ಸ್ವಾಗತಗೀತೆಗೆ ವಿಡಿಯೋ ಮಾಡಬೇಕು ಎನ್ನುತ್ತಾರೆ. ಸಾಫ್ಟ್‌ವೇರ್ ಕೊಳ್ಳಬೇಕೇ? ಹೆತ್ತವರಲ್ಲಿ ಹಲವರಿಗೆ ಕನ್ನಡ ಓದಲು ಬರುವುದಿಲ್ಲ.
– ಓದುಗರು, ಕುಂಬಳೆ

ಉತ್ತರ: ಏನೂ ಕೊಳ್ಳಬೇಡಿ ಟೀಚರ್. ನಿಮ್ಮ ಲ್ಯಾಬಿನ ಕೈಟ್ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ಕೆಡೆನ್‌ಲೈವ್ ಇದೆ, ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಚಿತ್ರದ ಮೇಲೆ ಕನ್ನಡ, ಮಲಯಾಳ ಎರಡನ್ನೂ ತುಂಬಿಸಬೇಡಿ, ಮಕ್ಕಳ ಮುಖವೇ ಮುಚ್ಚಿಹೋಗುತ್ತದೆ. ಕನ್ನಡ ಮಾತ್ರ ಹಾಕಿ. ಮಲಯಾಳದ್ದನ್ನು ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲ್ ಮಾಡಿ ಯೂಟ್ಯೂಬಿಗೆ ಬೇರೆಯಾಗಿ ಸೇರಿಸಿ. ಬೇಕಾದವರು ಸಿಸಿ ಒತ್ತಿ ಓದಿಕೊಳ್ಳಲಿ.